ಮಾತ್ರೆ ಬಿಡುವ ಮೊದಲು, ಮಶೀನ್ ಹಚ್ಚುವ ಮೊದಲು

ಸೊಂಟನೋವಿಗೆಂದು ಟೆನ್ಸ್ ಮಶೀನ್, ಅಂದರೆ ಚರ್ಮಕ್ಕೆ ಪ್ಯಾಡ್ ಅಂಟಿಸಿ ಸಣ್ಣ ಕರೆಂಟ್ ಕೊಟ್ಟು ನೋವು ತಗ್ಗಿಸುವ ಡಬ್ಬಿ, ತಂದ ದಿನವೇ ನಾನೊಂದು ದಡ್ಡ ಕೆಲಸ ಮಾಡಿದೆ. ಎರಡು ವರ್ಷದಿಂದ ನುಂಗುತ್ತಿದ್ದ ಮಾತ್ರೆಗಳನ್ನೆಲ್ಲ ಅವತ್ತು ಸಂಜೆಯೇ ನಿಲ್ಲಿಸಿಬಿಟ್ಟೆ. ಅದರಲ್ಲಿ ನರದ ನೋವಿಗೆ ಕೊಡುವ ಗ್ಯಾಬಾಪೆಂಟಿನ್ ಕೂಡ ಇತ್ತು. ಮೂರನೇ ರಾತ್ರಿ ಹೊತ್ತಿಗೆ ನಿದ್ದೆ ಇಲ್ಲ, ಮೈಯೆಲ್ಲ ಬೆವರು, ಕಾರಣವೇ ಇಲ್ಲದ ಗಾಬರಿ. ಈ ಮಶೀನ್ ಬರೀ ಮೋಸ ಅಂತ ಬೈದುಕೊಂಡೆ. ವೈದ್ಯರ ಹತ್ತಿರ ಹೋದಾಗ ಗೊತ್ತಾಯಿತು, ಅಷ್ಟೆಲ್ಲ ಆಗಿದ್ದು ಮಾತ್ರೆಯನ್ನು ದಿಢೀರ್ ಅಂತ ಬಿಟ್ಟಿದ್ದಕ್ಕೆ. ಪಾಪ, ಮಶೀನ್ ಇನ್ನೂ ಏನೂ ಮಾಡಿರಲಿಲ್ಲ.

ಇದನ್ನು ಮೊದಲೇ ಹೇಳಿದ್ದಕ್ಕೆ ಕಾರಣ ಇದೆ. ತುಂಬ ಜನ ಇದನ್ನೇ ಮಾಡುತ್ತಾರೆ. ಮಾತ್ರೆ ನುಂಗಿ ನುಂಗಿ ಸಾಕಾಗಿರುತ್ತದೆ. ಕರೆಂಟಿನ ಮಶೀನನ್ನು ಯಾರೋ ಹೊಗಳಿರುತ್ತಾರೆ. ಅದನ್ನು ಹಿಡಿದ ದಿನವೇ ಇದನ್ನು ಬಿಡುತ್ತಾರೆ. ಆಮೇಲೆ ಯಾವುದರಿಂದ ಏನಾಯಿತು ಅಂತ ಯಾರಿಗೂ ತಿಳಿಯುವುದಿಲ್ಲ. ಮಶೀನ್ ಶುರು ಮಾಡುವುದು ಒಂದು ಕೆಲಸ, ಮಾತ್ರೆ ಇಳಿಸುವುದು ಬೇರೆಯೇ ಕೆಲಸ. ಎರಡರ ನಡುವೆ ಕೆಲವು ವಾರಗಳ ಅಂತರ ಬೇಕು. ಮುಂದೆ ಹೇಳುವ ಹೆಜ್ಜೆಗಳೆಲ್ಲ ಆ ಅಂತರವನ್ನು ಹೇಗೆ ಬಳಸಿಕೊಳ್ಳಬೇಕು ಅನ್ನುವುದರ ಬಗ್ಗೆಯೇ.

ನಾನು ವೈದ್ಯನಲ್ಲ. ನೋವಿನ ಜೊತೆ ಬದುಕಿ, ಓದಿ, ಕೇಳಿ ಕಲಿತವನು. ಹಾಗಾಗಿ ಡೋಸಿನ ವಿಷಯ ಬಂದಾಗಲೆಲ್ಲ ನಿಮ್ಮ ವೈದ್ಯರ ಮಾತೇ ಕೊನೆ ಮಾತು.

ಹೆಜ್ಜೆ 1: ಮಾತ್ರೆಗಳನ್ನೆಲ್ಲ ಮೇಜಿನ ಮೇಲೆ ಸುರಿಯಿರಿ

ಡ್ರಾಯರ್, ಕೈಚೀಲ, ಹಾಸಿಗೆ ಪಕ್ಕದ ಡಬ್ಬಿ, ಎಲ್ಲವನ್ನೂ ಖಾಲಿ ಮಾಡಿ. ಚೀಟಿ ಇಲ್ಲದೆ ಕೊಂಡದ್ದು, ಹಚ್ಚುವ ಮುಲಾಮು, ನಿದ್ದೆಗೆಂದು ಆಗೀಗ ನುಂಗುವುದು, ಯಾವುದನ್ನೂ ಬಿಡಬೇಡಿ. ಒಂದು ಹಾಳೆಯಲ್ಲಿ ಪ್ರತಿಯೊಂದರ ಎದುರು ಬರೆಯಿರಿ: ಒಳಗಿರುವ ಔಷಧದ ಹೆಸರೇನು, ಯಾಕೆ ಕೊಟ್ಟರು, ಯಾರು ಬರೆದರು, ಯಾವಾಗಿನಿಂದ ತೆಗೆದುಕೊಳ್ಳುತ್ತಿದ್ದೀರಿ, ವಾರಕ್ಕೆ ಎಷ್ಟು ದಿನ. ಕಂಪನಿ ಇಟ್ಟ ಹೆಸರು ಸಾಲದು. ಸಣ್ಣ ಅಕ್ಷರದಲ್ಲಿ ಒಳಗಿನ ಔಷಧದ ಹೆಸರು ಇರುತ್ತದಲ್ಲ, ಅದು ಬೇಕು.

ಈ ಒಂದು ಕೆಲಸದಲ್ಲೇ ಅರ್ಧ ಸಮಸ್ಯೆ ಕಣ್ಣಿಗೆ ಬೀಳುತ್ತದೆ. ಬೇರೆ ಬೇರೆ ಹೆಸರಿನ ಎರಡು ಮಾತ್ರೆಯಲ್ಲೂ ಪ್ಯಾರಾಸಿಟಮಾಲ್ ಇರಬಹುದು. ದೊಡ್ಡವರಿಗೆ ಅದರ ಮಿತಿ ದಿನಕ್ಕೆ 4 ಗ್ರಾಂ. ಲಿವರ್ ತೊಂದರೆ ಇದ್ದವರಿಗೆ, ತೂಕ ತೀರಾ ಕಡಿಮೆ ಇದ್ದವರಿಗೆ, ದಿನಾ ಕುಡಿಯುವವರಿಗೆ ಇನ್ನೂ ಕಡಿಮೆ. ಶೀತದ ಮಾತ್ರೆ, ತಲೆನೋವಿನ ಮಾತ್ರೆ, ಸೊಂಟದ ಮಾತ್ರೆ ಮೂರೂ ಸೇರಿದರೆ ಆ ಮಿತಿ ದಾಟುವುದು ಕಷ್ಟವೇನಲ್ಲ. ಐಬುಪ್ರೊಫೆನ್ ಮತ್ತು ಡೈಕ್ಲೋಫೆನಾಕ್ ಒಂದೇ ಜಾತಿಯವು. ಎರಡನ್ನೂ ಒಟ್ಟಿಗೆ ನುಂಗಿದರೆ ನೋವು ಎರಡು ಪಟ್ಟು ಕಡಿಮೆಯಾಗುವುದಿಲ್ಲ. ಹೊಟ್ಟೆಯಲ್ಲಿ ಹುಣ್ಣು, ಕಿಡ್ನಿ ಮೇಲೆ ಹೊರೆ, ಬಿಪಿ ಏರುವುದು, ಇವುಗಳ ಅಪಾಯ ಮಾತ್ರ ಜಾಸ್ತಿಯಾಗುತ್ತದೆ.

ಇನ್ನೊಂದು ಸಂಗತಿ ನೋಡಿ. ನೋವಿನ ಮಾತ್ರೆಯಿಂದ ಬಿಪಿ ಏರುತ್ತದೆ. ಬಿಪಿಗೆ ಹೊಸ ಮಾತ್ರೆ ಬರುತ್ತದೆ. ಅದರಿಂದ ಕಾಲು ಊದಿಕೊಳ್ಳುತ್ತದೆ. ಊತಕ್ಕೆ ಮೂತ್ರ ಹೆಚ್ಚಿಸುವ ಮಾತ್ರೆ. ಒಂದರ ಬಾಲ ಹಿಡಿದು ಇನ್ನೊಂದು. ಈ ಸರಣಿಯನ್ನು 1990ರ ದಶಕದಲ್ಲಿ ಪೌಲಾ ರೋಚನ್ ಮತ್ತು ಜೆರ್ರಿ ಗುರ್ವಿಟ್ಜ್ ಎಂಬ ಇಬ್ಬರು ವೈದ್ಯರು ಗುರುತಿಸಿ ಹೆಸರಿಟ್ಟರು. ಇಲ್ಲಿ ಯಾರೂ ಕೆಟ್ಟವರಲ್ಲ. ಪ್ರತಿ ಮಾತ್ರೆಗೂ ಅದರದೇ ಕಾರಣ ಇರುತ್ತದೆ. ಇಡೀ ಪಟ್ಟಿಯನ್ನು ಒಟ್ಟಿಗೆ ನೋಡಿದವರು ಇರುವುದಿಲ್ಲ, ಅಷ್ಟೆ. ಐದು ಅಥವಾ ಅದಕ್ಕಿಂತ ಜಾಸ್ತಿ ಔಷಧ ದಿನಾ ಇದ್ದರೆ ಪಟ್ಟಿಯನ್ನು ವೈದ್ಯರ ಅಥವಾ ಫಾರ್ಮಸಿಸ್ಟ್ ಮುಂದೆ ಇಟ್ಟು, ಇದರಲ್ಲಿ ಯಾವುದು ಈಗಲೂ ಬೇಕು ಅಂತ ನೇರವಾಗಿ ಕೇಳಿ.

ತಲೆನೋವಿನವರು ದಿನಗಳನ್ನು ಎಣಿಸಲೇಬೇಕು. ಸಾದಾ ನೋವಿನ ಮಾತ್ರೆ ತಿಂಗಳಿಗೆ 15 ದಿನ ಅಥವಾ ಹೆಚ್ಚು, ಟ್ರಿಪ್ಟಾನ್ (ಮೈಗ್ರೇನಿಗೆ ಕೊಡುವ ಮಾತ್ರೆ), ಓಪಿಯಾಯ್ಡ್ (ಅಫೀಮಿನ ಜಾತಿಯ ನೋವಿನ ಮಾತ್ರೆ) ಅಥವಾ ಹಲವು ಔಷಧ ಸೇರಿಸಿದ ಮಾತ್ರೆ 10 ದಿನ ಅಥವಾ ಹೆಚ್ಚು, ಹೀಗೆ ಮೂರು ತಿಂಗಳು ದಾಟಿದರೆ ಮಾತ್ರೆಯೇ ತಲೆನೋವು ತರಲು ಶುರು ಮಾಡಬಹುದು. ಅಂಥವರಿಗೆ ಮಶೀನ್ ಹುಡುಕುವುದು ಆಮೇಲಿನ ಮಾತು. ಮೊದಲು ಈ ಸುಳಿಯಿಂದ ಹೊರಬರಬೇಕು.

ಬರೆದುಕೊಟ್ಟ ಔಷಧ ಅಂದಮಾತ್ರಕ್ಕೆ ಪೂರ್ತಿ ಸುರಕ್ಷಿತ ಅಂತ ನಂಬುವ ಕಾಲವೂ ಹೋಯಿತು ಬಿಡಿ. ಸಂಧಿನೋವಿಗೆ ಲಕ್ಷಾಂತರ ಜನ ನುಂಗಿದ ರೋಫೆಕಾಕ್ಸಿಬ್ ಎಂಬ ಮಾತ್ರೆಯನ್ನು ಹೃದಯಾಘಾತದ ಅಪಾಯದಿಂದಾಗಿ 2004ರಲ್ಲಿ ಮಾರುಕಟ್ಟೆಯಿಂದ ವಾಪಸ್ ಪಡೆದರು. ಅಮೆರಿಕದಲ್ಲಿ 1996ರಲ್ಲಿ ಮಾರಾಟಕ್ಕೆ ಬಂದ ಆಕ್ಸಿಕಾಂಟಿನ್ ಎಂಬ ಓಪಿಯಾಯ್ಡ್ ಮಾತ್ರೆಯ ಕಥೆ ಇನ್ನೂ ದೊಡ್ಡದು. ಚಟ ಹಿಡಿಯುವ ಅಪಾಯದ ಬಗ್ಗೆ ಜನರನ್ನು ದಾರಿ ತಪ್ಪಿಸಿದ್ದಾಗಿ ಅದನ್ನು ತಯಾರಿಸಿದ ಪರ್ಡ್ಯೂ ಕಂಪನಿ 2007ರಲ್ಲಿ ತಪ್ಪೊಪ್ಪಿಕೊಂಡಿತು. ಇಷ್ಟಾದರೂ ಔಷಧ ಎಂದರೆ ವಿಷ ಅನ್ನುವ ತೀರ್ಮಾನಕ್ಕೆ ಬರಬೇಡಿ. ಆಪರೇಷನ್ ಆದ ರಾತ್ರಿ, ಮೂಳೆ ಮುರಿದ ದಿನ, ಕ್ಯಾನ್ಸರ್ ನೋವಿನಲ್ಲಿ ಅದೇ ಔಷಧ ದೇವರಿದ್ದಂತೆ. ಕೆಲವು ದಿನಕ್ಕೆ ಅಂತ ಕೊಟ್ಟದ್ದು ಯಾರೂ ಕೇಳದೆ ವರ್ಷಗಟ್ಟಲೆ ಮುಂದುವರಿದಾಗಲೇ ತೊಂದರೆ.

ಹೆಜ್ಜೆ 2: ನೋವು ಏನೆಂದು ಗೊತ್ತಿದೆಯಾ?

ಕಾರಣ ಗೊತ್ತಿಲ್ಲದ ನೋವಿನ ಮೇಲೆ ಮಶೀನ್ ಹಚ್ಚಬೇಡಿ. ಮಾತ್ರೆಯೂ ಮಶೀನೂ ಮಾಡುವುದು ಒಂದೇ: ನೋವಿನ ಸದ್ದು ತಗ್ಗಿಸುತ್ತವೆ. ಒಳಗೆ ಏನು ಹಾಳಾಗಿದೆ ಅಂತ ಎರಡೂ ನೋಡುವುದಿಲ್ಲ.

ಎದೆಯಲ್ಲಿ ಒತ್ತಿದಂಥ ನೋವು, ದವಡೆಗೋ ತೋಳಿಗೋ ಹರಡುವ ನೋವು, ಜೀವಮಾನದಲ್ಲೇ ಕಾಣದಂಥ ದಿಢೀರ್ ತಲೆನೋವು, ಕೈಕಾಲು ಬಲ ಕಳೆದುಕೊಳ್ಳುವುದು, ಇವಕ್ಕೆಲ್ಲ ತುರ್ತು ಚಿಕಿತ್ಸೆ ಬೇಕು. ಬೆನ್ನುನೋವಿನ ಜೊತೆ ಮೂತ್ರ ಅಥವಾ ಮಲದ ಹಿಡಿತ ತಪ್ಪಿದರೆ, ತೊಡೆಸಂದಿ ಮತ್ತು ಕುಳಿತುಕೊಳ್ಳುವ ಜಾಗ ಮರಗಟ್ಟಿದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಬೆನ್ನುಹುರಿಯ ತುದಿಯ ನರಗಳು ಒತ್ತಡಕ್ಕೆ ಸಿಕ್ಕಾಗ ಹೀಗಾಗುತ್ತದೆ. ತಡವಾದರೆ ಹಾನಿ ಶಾಶ್ವತ. ಜ್ವರ, ಕಾರಣವಿಲ್ಲದೆ ಇಳಿಯುವ ತೂಕ, ಮಲಗಿದರೂ ಬಿಡದ ರಾತ್ರಿ ನೋವು ಇದ್ದರೂ ಮೊದಲು ತೋರಿಸಿಕೊಳ್ಳಿ.

ಹೆಜ್ಜೆ 3: ಯಾವ ಮಶೀನ್ ಯಾವ ಕೆಲಸಕ್ಕೆ

ನೋವಿಗೆ ಕರೆಂಟ್ ಕೊಡುವುದು ಹೊಸ ಐಡಿಯಾ ಏನಲ್ಲ. ಮೊದಲನೇ ಶತಮಾನದ ರೋಮನ್ ವೈದ್ಯ ಸ್ಕ್ರಿಬೋನಿಯಸ್ ಲಾರ್ಗಸ್, ತಲೆನೋವಿಗೆ ಮತ್ತು ಗೌಟ್ ಎಂಬ ಕೀಲುನೋವಿಗೆ ಕರೆಂಟ್ ಹೊಡೆಯುವ ಟಾರ್ಪೆಡೊ ಮೀನನ್ನು ಹಚ್ಚಲು ಹೇಳಿದ್ದ. ಯಾಕೆ ಕೆಲಸ ಮಾಡುತ್ತದೆ ಅನ್ನುವುದಕ್ಕೆ ಒಂದು ಹಿಡಿ ಸಿಕ್ಕಿದ್ದು 1965ರಲ್ಲಿ. ರೊನಾಲ್ಡ್ ಮೆಲ್ಜ್ಯಾಕ್ ಮತ್ತು ಪ್ಯಾಟ್ರಿಕ್ ವಾಲ್ ಎಂಬ ಸಂಶೋಧಕರು ಆಗ ಒಂದು ವಿವರಣೆ ಕೊಟ್ಟರು. ಮೊಣಕೈ ಗೋಡೆಗೆ ತಾಗಿದ ಕೂಡಲೇ ಅದನ್ನು ಉಜ್ಜಿಕೊಳ್ಳುತ್ತೇವೆ, ಅಲ್ವಾ? ಸ್ಪರ್ಶದ ಸುದ್ದಿ ಒಯ್ಯುವ ದಪ್ಪ ನರಗಳು ಚುರುಕಾದರೆ, ನೋವಿನ ಸುದ್ದಿ ತರುವ ಸಣ್ಣ ನರಗಳಿಗೆ ಬೆನ್ನುಹುರಿಯಲ್ಲಿ ಬಾಗಿಲು ಅರ್ಧ ಮುಚ್ಚಿಕೊಳ್ಳುತ್ತದೆ. ಎರಡು ವರ್ಷದ ನಂತರ ವಾಲ್ ಮತ್ತು ವಿಲಿಯಂ ಸ್ವೀಟ್ ಎಂಟು ರೋಗಿಗಳ ಮೇಲೆ ಇದನ್ನು ಪರೀಕ್ಷಿಸಿದರು. ಸೆಕೆಂಡಿಗೆ 100 ಸಲ ಸಣ್ಣ ಮಿಡಿತ, ಜುಮ್ಮೆನ್ನುವಷ್ಟು ಕರೆಂಟ್. ಎರಡೇ ನಿಮಿಷ ಕೊಟ್ಟದ್ದಕ್ಕೆ ನಾಲ್ವರಿಗೆ ಅರ್ಧ ಗಂಟೆಗೂ ಹೆಚ್ಚು ಹೊತ್ತು ನೋವು ತಗ್ಗಿತು. ಉಳಿದ ನಾಲ್ವರಿಗೆ ಅಷ್ಟು ಹೊತ್ತು ನಿಲ್ಲಲಿಲ್ಲ. ಈಗಲೂ ಪರಿಸ್ಥಿತಿ ಹೆಚ್ಚುಕಡಿಮೆ ಹೀಗೇ ಇದೆ. ಕೆಲವರಿಗೆ ಚೆನ್ನಾಗಿ ಹಿಡಿಯುತ್ತದೆ, ಕೆಲವರಿಗೆ ಏನೂ ಆಗುವುದಿಲ್ಲ.

ಇವತ್ತಿನ ಟೆನ್ಸ್ ಮಶೀನ್ ಆ ಪ್ರಯೋಗದ ಮೊಮ್ಮಗು. ಬ್ಯಾಟರಿಯಲ್ಲಿ ನಡೆಯುವ ಪುಟ್ಟ ಡಬ್ಬಿ, ಎರಡು ಅಥವಾ ನಾಲ್ಕು ವೈರು, ಅಂಟುವ ಪ್ಯಾಡುಗಳು. ಅದರಲ್ಲಿ ಮುಖ್ಯವಾಗಿ ಎರಡು ಬಗೆಯ ಸೆಟ್ಟಿಂಗ್ ಇರುತ್ತದೆ. ಹೆಚ್ಚಿನ ವೇಗ, ಅಂದರೆ 80ರಿಂದ 100 ಹರ್ಟ್ಸ್ (ಸೆಕೆಂಡಿಗೆ ಅಷ್ಟು ಮಿಡಿತ) ಸುತ್ತಮುತ್ತ: ಜುಮ್ಮೆನ್ನುತ್ತಲೇ ಇರುತ್ತದೆ, ಬೇಗ ಹಿಡಿಯುತ್ತದೆ, ಆಫ್ ಮಾಡಿದ ಮೇಲೆ ಬೇಗ ಹೋಗುತ್ತದೆ. ಕಡಿಮೆ ವೇಗ, 2ರಿಂದ 4 ಹರ್ಟ್ಸ್: ಟಕ್ ಟಕ್ ಎಂದು ಬಡಿದಂತೆ ಇರುತ್ತದೆ, ಸ್ನಾಯು ಸಣ್ಣಗೆ ಕುಣಿಯುತ್ತದೆ. ಇದು ದೇಹ ತಾನೇ ತಯಾರಿಸುವ, ನೋವು ತಗ್ಗಿಸುವ ಎಂಡಾರ್ಫಿನ್‌ಗಳ ದಾರಿಯಲ್ಲಿ ಕೆಲಸ ಮಾಡುತ್ತದೆ. ಇಲ್ಲಿ ಒಂದು ಸೂಕ್ಷ್ಮ ಇದೆ. ಟ್ರಮಡಾಲ್, ಕೊಡೀನ್, ಮಾರ್ಫಿನ್‌ನಂಥ ಓಪಿಯಾಯ್ಡ್ ಮಾತ್ರೆಗಳು ಕೂತುಕೊಳ್ಳುವುದೂ ಅದೇ ಕುರ್ಚಿಯಲ್ಲಿ. ಅವನ್ನು ಬಹಳ ದಿನದಿಂದ ತೆಗೆದುಕೊಳ್ಳುತ್ತಿರುವವರಿಗೆ ಕಡಿಮೆ ವೇಗದ ಸೆಟ್ಟಿಂಗ್ ಅಷ್ಟಾಗಿ ಹಿಡಿಯದೇ ಇರಬಹುದು. ಅವರು ಹೆಚ್ಚಿನ ವೇಗದಿಂದಲೇ ಶುರು ಮಾಡುವುದು ಒಳ್ಳೆಯದು.

ಇಎಂಎಸ್ ಅನ್ನುವುದು ಬೇರೆ. ಅದು ಸ್ನಾಯುವನ್ನು ಹಿಂಡಿ ಬಿಡುತ್ತದೆ. ಆಪರೇಷನ್ ನಂತರ ಸೊರಗಿದ ತೊಡೆಗೆ ಬಲ ತರಲು ಫಿಸಿಯೋಥೆರಪಿಸ್ಟ್‌ಗಳು ಬಳಸುತ್ತಾರೆ. ಕೆಲವು ಡಬ್ಬಿಗಳಲ್ಲಿ ಎರಡೂ ಇರುತ್ತದೆ. ನೋವಿಗೆ ಅಂತ ತಪ್ಪಾಗಿ ಇಎಂಎಸ್ ಒತ್ತಿ ಕಾಲು ಸೆಟೆದುಕೊಂಡಿತು ಅಂತ ಗಾಬರಿಯಾದವರಿದ್ದಾರೆ. ಆ ಗುಂಪಿನಲ್ಲಿ ನಾನೂ ಒಬ್ಬ. ಇಂಟರ್‌ಫೆರೆನ್ಷಿಯಲ್ ಎಂದು ಕರೆಯುವುದು ಸಾಮಾನ್ಯವಾಗಿ ಕ್ಲಿನಿಕ್ಕಿನ ಮಶೀನ್. ಅದರಲ್ಲಿ 4000 ಹರ್ಟ್ಸ್ ಸುಮಾರಿನ ಎರಡು ಕರೆಂಟ್‌ಗಳು ಒಳಗೆ ಒಂದನ್ನೊಂದು ದಾಟುತ್ತವೆ.

ಮೈಗ್ರೇನಿಗೆ ಹಣೆಯ ಮೇಲೆ ಅಂಟಿಸುವ ಸೆಫಾಲಿ ಎಂಬ ಉಪಕರಣಕ್ಕೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2014ರಲ್ಲಿ ಒಪ್ಪಿಗೆ ಕೊಟ್ಟಿತು. ಅದರ ಹಿಂದಿನ ಪರೀಕ್ಷೆಯಲ್ಲಿ ಇದ್ದವರು 67 ಜನ. ದಿನಾ 20 ನಿಮಿಷ, ಮೂರು ತಿಂಗಳು. ನಿಜವಾದ ಮಶೀನ್ ಬಳಸಿದವರಲ್ಲಿ ಸುಮಾರು ನೂರಕ್ಕೆ 38 ಜನರಿಗೆ ಮೈಗ್ರೇನ್ ದಿನಗಳು ಅರ್ಧಕ್ಕೆ ಇಳಿದವು. ಸುಳ್ಳು ಮಶೀನ್, ಅಂದರೆ ಹೋಲಿಸಿ ನೋಡಲೆಂದು ಕೊಡುವ, ಕೆಲಸ ಮಾಡದ ಮಶೀನ್ ಬಳಸಿದವರಲ್ಲಿ ನೂರಕ್ಕೆ 12 ಜನರಿಗೆ. ತೋಳಿಗೆ ಕಟ್ಟಿ ಫೋನಿನಿಂದ ನಡೆಸುವ ನೆರಿವಿಯೊ ಎಂಬುದಕ್ಕೂ 2019ರಲ್ಲಿ ಒಪ್ಪಿಗೆ ಸಿಕ್ಕಿದೆ. ಇಂಥವು ಮೈಗ್ರೇನ್‌ಗೆ ಮಾತ್ರ. ಸೊಂಟಕ್ಕೆ ತಂದದ್ದನ್ನು ಹಣೆಗೆ ಹಚ್ಚಬೇಡಿ. ಬೆನ್ನುಹುರಿಯ ಬಳಿ ಒಳಗೇ ಇಡುವ ಉಪಕರಣ, ಖಿನ್ನತೆಗೆ ಆಸ್ಪತ್ರೆಯಲ್ಲಿ ತಲೆಗೆ ಅಯಸ್ಕಾಂತದ ಮಿಡಿತ ಕೊಡುವ ಟಿಎಂಎಸ್, ಇವು ಪರಿಣಿತರ ಕೈಯಲ್ಲಿರುವ ಚಿಕಿತ್ಸೆಗಳು. ಇಲ್ಲಿ ಅವುಗಳ ಮಾತು ಬೇಡ.

ಹಾಗಾದರೆ ಟೆನ್ಸ್ ನಿಜವಾಗಿ ಕೆಲಸ ಮಾಡುತ್ತದಾ? ತಿಳಿದವರಲ್ಲೇ ಒಮ್ಮತ ಇಲ್ಲ. 381 ಪ್ರಯೋಗಗಳನ್ನು ಒಟ್ಟಿಗೆ ನೋಡಿದ 2022ರ ಒಂದು ದೊಡ್ಡ ಪರಿಶೀಲನೆ, ಮಶೀನ್ ಹಾಕಿದಾಗ ಮತ್ತು ತೆಗೆದ ತಕ್ಷಣ ನೋವು ಸುಳ್ಳು ಮಶೀನಿಗಿಂತ ಕಡಿಮೆ ಇರುತ್ತದೆ ಎಂದಿತು. ಅದಕ್ಕೆ ಒಂದು ವರ್ಷ ಮೊದಲು ಚಿಕಿತ್ಸೆಯ ಮಾರ್ಗಸೂಚಿ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆ, ಬೇರೆ ಕಾಯಿಲೆಯ ಲೆಕ್ಕಕ್ಕೆ ಸಿಗದ ದೀರ್ಘಕಾಲದ ನೋವಿಗೆ ಟೆನ್ಸ್ ಕೊಡಬೇಡಿ ಎಂದು ವೈದ್ಯರಿಗೆ ಹೇಳಿತ್ತು. ಸಾಕಷ್ಟು ಒಳ್ಳೆಯ ಪುರಾವೆ ಕಾಣಲಿಲ್ಲ ಅನ್ನುವುದು ಅವರ ಕಾರಣ. ಪ್ರಯೋಗಗಳಲ್ಲಿ ಬಹಳಷ್ಟು ತೀರಾ ಚಿಕ್ಕವು, ಕೆಲವದರಲ್ಲಿ ಕರೆಂಟ್ ಸರಿಯಾಗಿ ಕೊಟ್ಟೇ ಇಲ್ಲ. ನನಗೆ ತೋಚುವುದು ಇಷ್ಟು: ಹಾಕಿಕೊಂಡಿರುವಷ್ಟು ಹೊತ್ತು ಸ್ವಲ್ಪ ಆರಾಮ ಸಿಗಬಹುದು ಅಂತ ನಿರೀಕ್ಷಿಸಿ. ಕಾಯಿಲೆ ವಾಸಿಯಾಗುತ್ತದೆ ಅಂತ ಬೇಡ.

ವಾಸಿ ಮಾಡುತ್ತೇನೆ ಅನ್ನುವ ಮಶೀನ್ ಕಂಡರೆ ದೂರ ನಿಲ್ಲಿ. ಕ್ಯಾನ್ಸರ್, ಸಕ್ಕರೆ ಕಾಯಿಲೆ, ಸೋಂಕು ಎಲ್ಲಕ್ಕೂ ಒಂದೇ ಡಬ್ಬಿ ಅಂದರೆ ಅದು ಮೋಸವೇ. 1920ರ ಆಸುಪಾಸಿನಲ್ಲಿ ಆಲ್ಬರ್ಟ್ ಏಬ್ರಮ್ಸ್ ಎಂಬ ಅಮೆರಿಕದ ವೈದ್ಯ ಇಂಥ ಪೆಟ್ಟಿಗೆಗಳನ್ನು ಬಾಡಿಗೆಗೆ ಕೊಡುತ್ತಿದ್ದ. ತೆರೆದು ನೋಡಬಾರದು ಅನ್ನುವುದೇ ಷರತ್ತು! ತೆರೆದವರಿಗೆ ಸಿಕ್ಕಿದ್ದು ಅರ್ಥವಿಲ್ಲದ ವೈರುಗಳ ಗೋಜಲು. ಹೊಟ್ಟೆ ಕರಗಿಸುವ ಕರೆಂಟ್ ಬೆಲ್ಟುಗಳ ಜಾಹೀರಾತಿನ ಮೇಲೆ ಅಮೆರಿಕದ ಸರ್ಕಾರ 2002ರಲ್ಲಿ ಕೇಸು ಹಾಕಿತ್ತು. ಒಂದು ಸುಲಭದ ಪರೀಕ್ಷೆ ಹೇಳುತ್ತೇನೆ. ಡಬ್ಬಿಯ ಕೈಪಿಡಿಯಲ್ಲಿ ಹರ್ಟ್ಸ್ ಎಷ್ಟು, ಕರೆಂಟ್ ಎಷ್ಟು ಮಿಲಿಆಂಪ್, ಯಾರು ಬಳಸಬಾರದು, ಈ ಮೂರೂ ಸ್ಪಷ್ಟವಾಗಿ ಇದೆಯಾ ನೋಡಿ. ಇಲ್ಲದಿದ್ದರೆ ಕೊಳ್ಳಬೇಡಿ.

ಹೆಜ್ಜೆ 4: ನಿಮಗೆ ಇದು ಆಗುತ್ತದಾ?

ಪೇಸ್‌ಮೇಕರ್ ಇದ್ದವರು, ಎದೆಯೊಳಗೆ ಶಾಕ್ ಕೊಡುವ ಉಪಕರಣ ಇದ್ದವರು, ದೇಹದೊಳಗೆ ಬೇರೆ ಯಾವುದೇ ಎಲೆಕ್ಟ್ರಾನಿಕ್ ಉಪಕರಣ ಇದ್ದವರು ಹೃದಯದ ವೈದ್ಯರನ್ನೋ ಅದನ್ನು ಅಳವಡಿಸಿದವರನ್ನೋ ಕೇಳದೆ ಮುಟ್ಟಲೇಬಾರದು. ಮೂರ್ಛೆ ರೋಗ ಇದ್ದವರು, ಗರ್ಭಿಣಿಯರು ಕೂಡ ವೈದ್ಯರನ್ನು ಕೇಳಿ. ಹೊಟ್ಟೆ ಮತ್ತು ಸೊಂಟದ ಭಾಗಕ್ಕಂತೂ ಗರ್ಭಿಣಿಯರು ತಾವಾಗಿಯೇ ಹಚ್ಚಿಕೊಳ್ಳಬಾರದು.

ಜಾಗದ ವಿಷಯದಲ್ಲೂ ಹುಷಾರು. ಕುತ್ತಿಗೆಯ ಮುಂಭಾಗ ಬೇಡವೇ ಬೇಡ. ಅಲ್ಲಿ ಬಿಪಿ ಮತ್ತು ಹೃದಯದ ಬಡಿತ ನಿಯಂತ್ರಿಸುವ ನರಗಳಿವೆ, ಗಂಟಲಿನ ಸ್ನಾಯು ಬಿಗಿಯಲೂಬಹುದು. ಎದೆಗೆ ಅಡ್ಡಲಾಗಿ, ಕಣ್ಣಿನ ಮೇಲೆ, ತಲೆಯ ಎರಡು ಬದಿಗೆ ಬೇಡ. ಗಾಯ, ಸೋಂಕು, ಮರಗಟ್ಟಿದ ಚರ್ಮ, ಕ್ಯಾನ್ಸರ್ ಗಡ್ಡೆ ಇರುವ ಜಾಗ, ರಕ್ತ ಹೆಪ್ಪುಗಟ್ಟಿದ ಕಾಲು, ಎಲ್ಲದರಿಂದ ದೂರ ಇಡಿ. ಸಕ್ಕರೆ ಕಾಯಿಲೆಯಿಂದ ಪಾದ ಮರಗಟ್ಟಿದವರಿಗೆ ಕರೆಂಟ್ ಎಷ್ಟಾಯಿತು ಅಂತಲೇ ತಿಳಿಯುವುದಿಲ್ಲ, ಚರ್ಮ ಸುಟ್ಟುಕೊಳ್ಳಬಹುದು. ಸ್ನಾನದಲ್ಲಿ, ನಿದ್ದೆಯಲ್ಲಿ, ಗಾಡಿ ಓಡಿಸುವಾಗ ಹಾಕಿಕೊಳ್ಳಬೇಡಿ.

ಹೆಜ್ಜೆ 5: ಪ್ಯಾಡ್ ಹಚ್ಚುವುದು

ಮಶೀನ್ ಹಿಡಿಯಲಿಲ್ಲ ಅನ್ನುವವರಲ್ಲಿ ಎಷ್ಟೋ ಜನ ಎಡವುವುದು ಇಲ್ಲೇ. ಸಾಧ್ಯವಾದರೆ ಮೊದಲ ಸಲ ಫಿಸಿಯೋಥೆರಪಿಸ್ಟ್ ಹತ್ತಿರ ಹಾಕಿಸಿಕೊಳ್ಳಿ, ಜಾಗವನ್ನು ಫೋಟೋ ತೆಗೆದಿಟ್ಟುಕೊಳ್ಳಿ. ಮನೆಯಲ್ಲಿ ಬೆನ್ನಿಗೆ ಒಬ್ಬರೇ ಅಂಟಿಸಿಕೊಳ್ಳುವುದು ಸರ್ಕಸ್ಸೇ ಸರಿ.

ಚರ್ಮವನ್ನು ಸೋಪು ನೀರಿನಲ್ಲಿ ತೊಳೆದು ಒರೆಸಿ. ಎಣ್ಣೆ, ಕ್ರೀಮ್, ನೋವಿನ ಮುಲಾಮು ಏನೂ ಇರಬಾರದು. ಕೂದಲು ದಟ್ಟವಾಗಿದ್ದರೆ ಕತ್ತರಿಯಲ್ಲಿ ಚಿಕ್ಕದಾಗಿಸಿ. ಬ್ಲೇಡಿನಲ್ಲಿ ಬೋಳಿಸಿದ ಕೂಡಲೇ ಪ್ಯಾಡ್ ಹಚ್ಚಿದರೆ ಉರಿಯುತ್ತದೆ. ಮಶೀನ್ ಆಫ್ ಇರುವಾಗಲೇ ಪ್ಯಾಡ್ ಅಂಟಿಸಿ. ಮಂಡಿಗಾದರೆ ಚಿಪ್ಪಿಗಿಂತ ಮೇಲ್ಗಡೆ ಒಂದು ಜೋಡಿ, ಕೆಳಗಡೆ ಒಂದು ಜೋಡಿ. ಸೊಂಟಕ್ಕಾದರೆ ಬೆನ್ನುಮೂಳೆಯ ಎಡಬಲಕ್ಕೆ, ಮೂಳೆಯ ಮೇಲೆ ಬೇಡ. ಪ್ಯಾಡುಗಳ ನಡುವೆ ಕನಿಷ್ಠ 2.5 ಸೆಂಟಿಮೀಟರ್ ಜಾಗ ಬಿಡಿ. ಒಂದಕ್ಕೊಂದು ತಾಗಬಾರದು.

ಈಗ ಸೊನ್ನೆಯಿಂದ ಶುರು ಮಾಡಿ ನಿಧಾನಕ್ಕೆ ಏರಿಸಿ. ಮೊದಲು ಏನೂ ತಿಳಿಯುವುದಿಲ್ಲ, ಆಮೇಲೆ ಸಣ್ಣಗೆ ಜುಮ್ ಅನ್ನುತ್ತದೆ. ಹೆಚ್ಚಿನವರು ಇಲ್ಲೇ ನಿಲ್ಲಿಸುತ್ತಾರೆ. ಸಾಲದು. ಜೋರಾಗಿ ಇರಬೇಕು, ಆದರೆ ನೋಯಬಾರದು. ಇನ್ನೊಂದು ಗುಂಡಿ ಒತ್ತಿದರೆ ಸಹಿಸಲಾಗದು ಅನ್ನುವುದಕ್ಕಿಂತ ಒಂದು ಹಂತ ಕೆಳಗೆ. ಐದು ಹತ್ತು ನಿಮಿಷದಲ್ಲಿ ಆ ಜುಮ್ ತಗ್ಗಿದಂತೆ ಆಗುತ್ತದೆ. ಮಶೀನ್ ಕೆಟ್ಟಿಲ್ಲ, ನರಗಳಿಗೆ ಅಭ್ಯಾಸವಾಯಿತು ಅಷ್ಟೆ. ಮತ್ತೆ ಒಂದು ಹಂತ ಏರಿಸಿ. ಒಂದು ಸಲಕ್ಕೆ 30ರಿಂದ 60 ನಿಮಿಷ ಸಾಕು.

ನನಗೆ ತುಂಬ ತಡವಾಗಿ ತಿಳಿದ ವಿಷಯ ಒಂದಿದೆ. ಮಶೀನ್ ಹಾಕಿಕೊಂಡು ಮಲಗಬೇಡಿ, ಓಡಾಡಿ. ಆರಾಮ ಸಿಗುವುದು ಹಾಕಿಕೊಂಡಿರುವಾಗ ತಾನೇ? ಆ ಹೊತ್ತನ್ನು ಸೋಫಾದ ಮೇಲೆ ಯಾಕೆ ಕಳೆಯಬೇಕು? ಫೈಬ್ರೊಮಯಾಲ್ಜಿಯಾ (ಮೈಯೆಲ್ಲ ಬಹಳ ಕಾಲ ನೋಯುವ ಕಾಯಿಲೆ) ಇರುವ ಮಹಿಳೆಯರ ಮೇಲೆ ನಡೆದ 2020ರ ಪ್ರಯೋಗದಲ್ಲಿ ಅವರು ಓಡಾಡುವ ಹೊತ್ತಿನಲ್ಲೇ ಟೆನ್ಸ್ ಹಾಕಿಕೊಂಡಿದ್ದರು. ಅಲ್ಲಿ ಚಲಿಸುವಾಗಿನ ನೋವು ಕಡಿಮೆಯಾಯಿತು. ನಾನು ಪ್ಯಾಡ್ ಹಾಕಿಕೊಂಡು ಫಿಸಿಯೋಥೆರಪಿಸ್ಟ್ ಹೇಳಿದ ವ್ಯಾಯಾಮ ಮಾಡಲು ಶುರು ಮಾಡಿದ ಮೇಲೆಯೇ ನನಗೂ ಬದಲಾವಣೆ ಕಂಡಿದ್ದು.

ದಿನಾ ಒಂದೇ ಸೆಟ್ಟಿಂಗ್ ಬಳಸಿದರೆ ಕೆಲವೇ ದಿನಗಳಲ್ಲಿ ದೇಹ ಅದಕ್ಕೆ ಒಗ್ಗಿ ಪರಿಣಾಮ ಕುಗ್ಗಬಹುದು. ಒಂದು ದಿನ ಹೆಚ್ಚಿನ ವೇಗ, ಒಂದು ದಿನ ಕಡಿಮೆ, ಹೀಗೆ ಬದಲಿಸಿ. ಪ್ಯಾಡನ್ನು ಬಳಸಿದ ಮೇಲೆ ಪ್ಲಾಸ್ಟಿಕ್ ಹಾಳೆಗೆ ಅಂಟಿಸಿಡಿ. ಅಂಟು ಹೋದ ಪ್ಯಾಡ್ ಚರ್ಮಕ್ಕೆ ಪೂರ್ತಿ ತಾಗುವುದಿಲ್ಲ. ಕರೆಂಟೆಲ್ಲ ಒಂದೇ ಮೂಲೆಯಲ್ಲಿ ಸೇರಿ ಸೂಜಿ ಚುಚ್ಚಿದಂತೆ ಆಗುತ್ತದೆ. ಒಂದೆರಡು ಹನಿ ನೀರು ಸವರಿ ನೋಡಿ, ಆಗದಿದ್ದರೆ ಬಿಸಾಡಿ. ಚರ್ಮ ಸ್ವಲ್ಪ ಕೆಂಪಾಗಿ ಒಂದು ಗಂಟೆಯಲ್ಲಿ ಮಾಯವಾದರೆ ಚಿಂತೆ ಇಲ್ಲ. ಗುಳ್ಳೆ, ತುರಿಕೆ ಬಂದರೆ ನಿಲ್ಲಿಸಿ. ಪ್ಯಾಡಿನ ಅಂಟಿಗೇ ಅಲರ್ಜಿ ಇರಬಹುದು.

ಹೆಜ್ಜೆ 6: ನಾಲ್ಕು ವಾರ ಲೆಕ್ಕ ಬರೆಯಿರಿ, ಮಾತ್ರೆ ಮುಟ್ಟಬೇಡಿ

ಈ ನಾಲ್ಕು ವಾರ ಮಾತ್ರೆ ಹೇಗಿತ್ತೋ ಹಾಗೇ ಇರಲಿ. ದಿನಾ ತಪ್ಪದೆ ತೆಗೆದುಕೊಳ್ಳುವುದನ್ನು ಬದಲಿಸಬೇಡಿ. ನೋವು ಬಂದಾಗ ಮಾತ್ರ ನುಂಗುವ ಮಾತ್ರೆ ಇದ್ದರೆ, ಎಷ್ಟು ನುಂಗಿದಿರಿ ಅಂತ ಬರೆಯಿರಿ.

ಮೊದಲ ಎರಡು ವಾರ ಮಶೀನ್ ಇಲ್ಲದೆ, ಮುಂದಿನ ಎರಡು ವಾರ ಮಶೀನ್ ಜೊತೆ. ನೋವಿಗೆ 0ರಿಂದ 10ರವರೆಗೆ ಅಂಕ ಕೊಡಿ. ಕೂತಾಗ ಒಂದು, ನಡೆದಾಗ ಒಂದು. ಅಂಕ ಮಾತ್ರ ಬರೆದರೆ ಮೋಸ ಹೋಗುತ್ತೀರಿ, ಅದಕ್ಕೆ ಇನ್ನೊಂದು ಕಾಲಂ ಹಾಕಿ: ಇವತ್ತು ಏನು ಮಾಡಲು ಆಯಿತು? ಎಷ್ಟು ಮೆಟ್ಟಿಲು, ಎಷ್ಟು ಹೊತ್ತು ನಿಂತಿರಿ, ರಾತ್ರಿ ಎಷ್ಟು ಸಲ ಎಚ್ಚರವಾಯಿತು. ನೋವಿನ ಅಂಕ 6ರಿಂದ 6ಕ್ಕೇ ನಿಂತಿದ್ದರೂ ನಡಿಗೆ ಎರಡು ಪಟ್ಟಾಗಿದ್ದರೆ ಅದು ಗೆಲುವೇ.

ಹೊಸ ಮಶೀನಿನ ಹುರುಪಿಗೇ ಸ್ವಲ್ಪ ನೋವು ತಗ್ಗುತ್ತದೆ. ಮನಸ್ಸು ಹಾಗೆ. ಅದಕ್ಕೇ ಎರಡು ವಾರದ ಲೆಕ್ಕ ಬೇಕು, ಮೊದಲ ದಿನದ ಖುಷಿ ಸಾಲದು. ಸರಾಸರಿ ಅಂಕ 2ರಷ್ಟು ಅಥವಾ ಮೂರನೇ ಒಂದು ಭಾಗದಷ್ಟು ಇಳಿದರೆ ಅದನ್ನು ನಿಜವಾದ ವ್ಯತ್ಯಾಸ ಅಂತ ಸಂಶೋಧಕರೂ ಒಪ್ಪುತ್ತಾರೆ. ಅರ್ಧ ಅಂಕ ಅತ್ತಿತ್ತ ಆಗುವುದು ಯಾರಿಗಾದರೂ ಆಗುತ್ತದೆ.

ಹೆಜ್ಜೆ 7: ಈಗ ಮಾತ್ರೆಯ ಮಾತು

ಲೆಕ್ಕದ ಹಾಳೆ, ಔಷಧದ ಪಟ್ಟಿ ಎರಡನ್ನೂ ಹಿಡಿದು ವೈದ್ಯರ ಬಳಿ ಹೋಗಿ. ಮಶೀನ್ ಚೆನ್ನಾಗಿದೆ, ಮಾತ್ರೆ ಬೇಡ ಅನ್ನುವುದಕ್ಕಿಂತ ಹೀಗೆ ಕೇಳಿ ನೋಡಿ: "ಡಾಕ್ಟ್ರೇ, ಎರಡು ವಾರದಿಂದ ನೋವು ಇಷ್ಟು ಕಡಿಮೆ ಇದೆ. ಇದರಲ್ಲಿ ಯಾವುದನ್ನು ಮೊದಲು ಇಳಿಸಬಹುದು? ಎಷ್ಟು ನಿಧಾನಕ್ಕೆ?" ಬೇರೆ ಬೇರೆ ವೈದ್ಯರು ಬರೆದಿದ್ದರೆ ಪಟ್ಟಿ ಪೂರ್ತಿ ಒಬ್ಬರಿಗಾದರೂ ತಿಳಿದಿರಬೇಕು.

ನೋವು ಬಂದಾಗ ಮಾತ್ರ ನುಂಗುವ ಪ್ಯಾರಾಸಿಟಮಾಲ್, ಐಬುಪ್ರೊಫೆನ್‌ನಂಥವು ಸಾಮಾನ್ಯವಾಗಿ ಸುಲಭ. ಬೇಡವೆನಿಸಿದ ದಿನ ನುಂಗದಿದ್ದರಾಯಿತು. ಆದರೆ ಅಭ್ಯಾಸ ಮಾತ್ರ ಗಟ್ಟಿ. ನೋವು ಇಲ್ಲದಿದ್ದರೂ ಹೊರಗೆ ಹೋಗುವ ಮೊದಲು ಒಂದು ಇರಲಿ ಅಂತ ನುಂಗುತ್ತಿದ್ದೆ ನಾನು. ಈಗ ಮೊದಲು ಪ್ಯಾಡ್ ಹಚ್ಚುತ್ತೇನೆ, ಅರ್ಧ ಗಂಟೆ ಕಾಯುತ್ತೇನೆ, ಆಮೇಲೂ ಬೇಕೆನಿಸಿದರೆ ಮಾತ್ರೆ.

ದಿಢೀರ್ ಬಿಡಬಾರದ ಔಷಧಗಳು ಬೇರೆಯೇ ಗುಂಪು. ಓಪಿಯಾಯ್ಡ್‌ಗಳು, ಗ್ಯಾಬಾಪೆಂಟಿನ್ ಮತ್ತು ಪ್ರಿಗ್ಯಾಬಲಿನ್, ನಿದ್ದೆಗೆ ಮತ್ತು ಆತಂಕಕ್ಕೆ ಕೊಡುವ ಆಲ್ಪ್ರಜೋಲಾಮ್, ಕ್ಲೋನಜೆಪಾಮ್ ಥರದವು, ಖಿನ್ನತೆಯ ಮಾತ್ರೆಗಳು, ಬಹಳ ದಿನ ತೆಗೆದುಕೊಂಡ ಸ್ಟೀರಾಯ್ಡ್, ಹೃದಯಕ್ಕೆ ಕೊಡುವ ಬೀಟಾ ಬ್ಲಾಕರ್. ಆಲ್ಪ್ರಜೋಲಾಮ್ ಜಾತಿಯದನ್ನು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರಬಹುದು. ಸ್ಟೀರಾಯ್ಡ್ ಬಹಳ ದಿನ ತೆಗೆದುಕೊಂಡಾಗ ದೇಹ ತನ್ನದೇ ಹಾರ್ಮೋನ್ ಮಾಡುವುದನ್ನು ಕಡಿಮೆ ಮಾಡಿರುತ್ತದೆ. ಒಮ್ಮೆಲೇ ಬಿಟ್ಟರೆ ಜೀವಕ್ಕೇ ಕುತ್ತು. ಬೀಟಾ ಬ್ಲಾಕರ್ ಬಿಟ್ಟರೆ ಬಿಪಿ, ಎದೆಬಡಿತ ಒಮ್ಮೆಗೇ ಏರಬಹುದು. ಬಿಪಿ, ಸಕ್ಕರೆ, ಥೈರಾಯ್ಡ್, ಮೂರ್ಛೆ, ರಕ್ತ ತೆಳುಮಾಡುವ ಮಾತ್ರೆಗಳಿಗೂ ನೋವಿನ ಮಶೀನಿಗೂ ಸಂಬಂಧವೇ ಇಲ್ಲ. ಅವುಗಳ ತಂಟೆಗೆ ಹೋಗಬೇಡಿ.

ನಿಧಾನ ಅಂದರೆ ಎಷ್ಟು ನಿಧಾನ? ಅಮೆರಿಕದ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿ 2022ರ ಮಾರ್ಗಸೂಚಿಯಲ್ಲಿ, ಒಂದು ವರ್ಷಕ್ಕೂ ಹೆಚ್ಚು ಕಾಲ ಓಪಿಯಾಯ್ಡ್ ತೆಗೆದುಕೊಂಡವರಿಗೆ ತಿಂಗಳಿಗೆ ನೂರಕ್ಕೆ 10ರಷ್ಟು ಅಥವಾ ಅದಕ್ಕಿಂತ ನಿಧಾನಕ್ಕೆ ಇಳಿಸುವುದು ಸಹಿಸಲು ಸುಲಭ ಎಂದಿದೆ. ಈ ಎಚ್ಚರಿಕೆಗೆ ಹಿನ್ನೆಲೆ ಇದೆ. ಅದೇ ಸಂಸ್ಥೆಯ 2016ರ ಮಾರ್ಗಸೂಚಿಯನ್ನು ಕೆಲವು ಕಡೆ ತಪ್ಪಾಗಿ ಹಿಡಿದು, ರೋಗಿಗಳ ಡೋಸನ್ನು ಏಕಾಏಕಿ ಕತ್ತರಿಸಿದ್ದರು. 2019ರಲ್ಲಿ ಎಫ್‌ಡಿಎ ಮಧ್ಯೆ ಬಂದು, ಹಾಗೆ ಮಾಡಿದರೆ ತೀವ್ರ ನೋವು, ಆತ್ಮಹತ್ಯೆಯಂಥ ಗಂಭೀರ ಹಾನಿ ಆಗುತ್ತಿದೆ ಎಂದು ಎಚ್ಚರಿಸಬೇಕಾಯಿತು. ಮಾತ್ರೆಯನ್ನು ಅತಿಯಾಗಿ ನಂಬುವುದು ಎಷ್ಟು ಅಪಾಯವೋ ಹಟಕ್ಕೆ ಬಿದ್ದು ಬಿಡುವುದೂ ಅಷ್ಟೇ ಅಪಾಯ.

ಒಂದು ಸಲಕ್ಕೆ ಒಂದೇ ಔಷಧ ಇಳಿಸಿ. ಇಳಿಸಿದ ವಾರ ಬೆವರು, ಚಡಪಡಿಕೆ, ನಿದ್ದೆಗೇಡು, ನೋವು ಜಾಸ್ತಿಯಾದಂತೆ ಅನಿಸುವುದು ಇರಬಹುದು. ಹಳೆಯ ನೋವು ಮರಳಿತಾ, ಔಷಧ ಬಿಟ್ಟದ್ದರ ತಳಮಳವಾ ಅಂತ ವೈದ್ಯರೇ ಬಿಡಿಸಿ ಹೇಳಬೇಕು. ಹೀಗಾಗಿದೆ ಅಂತ ಅವರಿಗೆ ಫೋನ್ ಮಾಡಿ, ನೀವೇ ಡೋಸ್ ಏರಿಸಬೇಡಿ. ಅದರಲ್ಲೂ ಓಪಿಯಾಯ್ಡ್ ಬಿಟ್ಟು ಕೆಲವು ದಿನವಾದ ಮೇಲೆ ಮೊದಲಿನ ಡೋಸನ್ನೇ ಮತ್ತೆ ನುಂಗುವುದು ಅಪಾಯ. ದೇಹಕ್ಕೆ ಆ ಅಭ್ಯಾಸ ತಪ್ಪಿರುತ್ತದೆ, ಉಸಿರೇ ನಿಲ್ಲಬಹುದು.

ನನ್ನ ಗ್ಯಾಬಾಪೆಂಟಿನ್ ಇಳಿಸಲು ಎರಡನೇ ಪ್ರಯತ್ನದಲ್ಲಿ ಮೂರು ತಿಂಗಳು ಬೇಕಾಯಿತು. ಮಧ್ಯೆ ಒಂದು ಸಲ ಅದೇ ಡೋಸಿನಲ್ಲಿ ಐದು ವಾರ ನಿಂತುಬಿಟ್ಟೆ. ವೈದ್ಯರು ಅದಕ್ಕೇನೂ ಅನ್ನಲಿಲ್ಲ.

ಹೆಜ್ಜೆ 8: ಹಿಡಿಯದಿದ್ದರೆ, ಮತ್ತು ಉಳಿದ ಮಾತ್ರೆಗಳು

ನಾಲ್ಕು ವಾರದ ಲೆಕ್ಕದಲ್ಲಿ ಏನೂ ಕಾಣದಿದ್ದರೆ ಪ್ಯಾಡಿನ ಜಾಗ ಮತ್ತು ಕರೆಂಟಿನ ಮಟ್ಟವನ್ನು ಫಿಸಿಯೋಥೆರಪಿಸ್ಟ್‌ಗೆ ತೋರಿಸಿ ಇನ್ನೆರಡು ವಾರ ನೋಡಿ. ಆಮೇಲೂ ಇಲ್ಲ ಅಂದರೆ ಬಿಟ್ಟುಬಿಡಿ. ಇನ್ನೂ ದುಬಾರಿ ಮಶೀನ್ ತಂದರೆ ಹಿಡಿಯಬಹುದು ಅನ್ನುವ ಆಸೆ ಬರುತ್ತದೆ. ಬೇಡ. ದುಬಾರಿ ಮಶೀನಿನಿಂದ ಹೊರಡುವುದೂ ಅದೇ ಮಿಡಿತ. ಆ ದುಡ್ಡನ್ನು ವ್ಯಾಯಾಮ ಹೇಳಿಕೊಡುವವರಿಗೆ ಕೊಡಿ.

ಹಿಡಿದರೆ ಪ್ಯಾಡುಗಳನ್ನು ಒಂದು ಜೊತೆ ಜಾಸ್ತಿ ಇಟ್ಟುಕೊಳ್ಳಿ. ಬಹಳ ದಿನ ಬಳಸದಿದ್ದರೆ ಬ್ಯಾಟರಿ ತೆಗೆದಿಡಿ, ಇಲ್ಲದಿದ್ದರೆ ಸೋರಿ ಡಬ್ಬಿ ಹಾಳಾಗುತ್ತದೆ. ನನ್ನ ಮೊದಲ ಮಶೀನ್ ಹಾಗೇ ಹೋಯಿತು.

ಇಳಿಸುತ್ತಾ ಹೋದಂತೆ ಮಾತ್ರೆ ಉಳಿಯುತ್ತದೆ. ಇನ್ನೊಮ್ಮೆ ಬೇಕಾದೀತು ಅಂತ ಕೂಡಿಡಬೇಡಿ, ಬೇರೆ ಯಾರಿಗೂ ಕೊಡಬೇಡಿ. ವಾಪಸ್ ತೆಗೆದುಕೊಳ್ಳುವ ಔಷಧದ ಅಂಗಡಿ ಇದ್ದರೆ ಅಲ್ಲಿಗೆ ಕೊಡಿ. ಇಲ್ಲದಿದ್ದರೆ ಎಲ್ಲಿ ಹಾಕಬೇಕು ಅಂತ ಫಾರ್ಮಸಿಸ್ಟ್ ಹತ್ತಿರ ಕೇಳಿ. ಅಲ್ಲಿಯವರೆಗೆ ಬೀಗ ಹಾಕಿದ ಜಾಗದಲ್ಲಿರಲಿ, ಮಕ್ಕಳ ಕೈಗೆ ಸಿಗದಂತೆ.